ಮೂರನೆಯ ಪದರ

ನನ್ನ ಬಾಯಿ ದೊಡ್ಡದು. ಗಂಗೊಳ್ಳಿ ಬಂದರಿನಲ್ಲಿ ಮೀನು ಹರಾಜು ಕೂಗುವ ಗಂಡಸರೇ ನನ್ನನ್ನು ಕಂಡರೆ ದನಿ ತಗ್ಗಿಸುತ್ತಾರೆ. ಅಂಥವಳು ಆ ದಿನ ಬ್ರಹ್ಮಾವರದ ಒಂದು ಶೆಡ್ಡಿನ ಬಾಗಿಲಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ಒಳಗೆ ನನ್ನ ಗಂಡ ರೋಷನ್ ವೆಲ್ಡಿಂಗ್ ಪರೀಕ್ಷೆ ಕೊಡುತ್ತಿದ್ದರು.

2008ರ ಆಗಸ್ಟ್ ಅದು. ಮದುವೆಯಾದಂದಿನಿಂದ ಅವರದು ಮುಂಬೈಯ ಗ್ರಿಲ್ ಅಂಗಡಿ, ನನ್ನದು ಇಲ್ಲಿ ಮೀನಿನ ಬುಟ್ಟಿ. ಮಳೆಗಾಲಕ್ಕೆ ಊರಿಗೆ ಬಂದರೆ ಹೊಳೆಬಾಯಿಯಲ್ಲಿ ಕಬ್ಬಿಣದ ಬೋಟುಗಳಿಗೆ ತೇಪೆ ಹಾಕುತ್ತಾರೆ, ಮಳೆ ಬಿಡುವ ಹೊತ್ತಿಗೆ ಮತ್ತೆ ರೈಲು ಹತ್ತುತ್ತಾರೆ. ಮಗಳು ಶರಣ್ಯಾಳಿಗೆ ಅಪ್ಪ ಅಂದರೆ ಫೋನಿನಲ್ಲಿ ಬರುವ ದನಿ. ನನಗೆ ಸಾಕಾಗಿ ಹೋಗಿತ್ತು. ಗಂಡ ಮನೆಯಲ್ಲಿರಲಿ ಅಂತ ಆಸೆಪಡುವುದಕ್ಕೆ ನಾಚಿಕೆ ಯಾಕೆ?

ಈ ಶೆಡ್ಡಿನಲ್ಲಿ ಹಬೆ ತುಂಬುವ ದೊಡ್ಡ ಟ್ಯಾಂಕುಗಳನ್ನು ಮಾಡುತ್ತಾರೆ. ಅವುಗಳ ಗೋಡೆ ಮೂವತ್ತೆರಡು ಮಿಲಿಮೀಟರ್ ದಪ್ಪ. ಅದನ್ನು ಬೆಸೆಯುವ ಅರ್ಹತೆ ಸಿಕ್ಕರೆ ಕೆಲಸ ಇಲ್ಲೇ, ಸಿಗದಿದ್ದರೆ ಭಾನುವಾರದ ಮುಂಬೈ ರೈಲು.

ಪರೀಕ್ಷೆ ನಡೆಸುವ ಪ್ರೇಮಾನಂದರು ಬಂದವರಿಗೆಲ್ಲ ಮೊದಲೇ ಬಿಡಿಸಿ ಹೇಳಿದ್ದರು.

"ತೆಳು ಪ್ಲೇಟಲ್ಲಿ ಕೈ ತೋರ್ಸಿದವ್ರಿಗೆ ದಪ್ಪದ್ದ್ ಕೊಡುಕಾತಿಲ್ಲೆ. ಹತ್ತ್ ಮಿಲಿ ಬೆಸೆದ್ರೆ ಅದ್ರ ದುಪ್ಪಟ್ಟ್, ಇಪ್ಪತ್ತರ ತನ್ಕ ಮಾತ್ರ. ಇವತ್ತ್ ನಾನ್ ಕೊಡುದ್ ಹದ್ಮೂರ್ ಮಿಲಿ. ಅದನ್ನ ಮೂರ್ ಪದರ ಹಾಕಿ ತುಂಬ್ಸಿದ್ರೆ ಮತ್ತೆ ಮಿತಿಯೇ ಇಲ್ಲೆ, ಎಷ್ಟ್ ದಪ್ಪ ಬೇಕಾರೂ ಬೆಸಿಲಕ್ಕ್. ಮೂರಕ್ಕಿಂತ ಕಮ್ಮಿ ಆಯ್ತಾ, ಮತ್ತೆ ದುಪ್ಪಟ್ಟೇ. ಇಪ್ಪತ್ತಾರ್."

ಮೂವತ್ತೆರಡು ಬೇಕಾದಲ್ಲಿ ಇಪ್ಪತ್ತಾರು ಯಾವ ಮೂಲೆಗೆ? ಮೂರು ಪದರ ತಾನೇ, ನನ್ನ ಗಂಡನಿಗೆ ಅದೇನು ಮಹಾ ಅಂದುಕೊಂಡೆ.

ಎರಡು ಪ್ಲೇಟುಗಳ ನಡುವಿನ ಸಂದಿನಲ್ಲಿ ಮೊದಲ ಪದರ ಚೆಂದ ಕೂತಿತು. ಅವರು ಮೇಲಿನ ಕರಕಲನ್ನು ಕುಟ್ಟಿ ತೆಗೆದರು, ಪ್ರೇಮಾನಂದರು ನೋಡಿ ತಲೆಯಾಡಿಸಿದರು. ಎರಡನೆಯದು ಶುರುವಾಯಿತು. ಬೆಂಕಿಯನ್ನು ನೋಡಬಾರದೆಂದು ನಾನು ತಗಡಿನ ಗೋಡೆಯ ಮೇಲಿನ ಬೆಳಕನ್ನೇ ನೋಡುತ್ತಿದ್ದೆ. ಆ ಬೆಳಕು ನಿಲ್ಲಲೇ ಇಲ್ಲ. ಒಂದು ಬೆಸುಗೆಯ ಕಡ್ಡಿ ಮುಗಿಯಿತು, ಇನ್ನೊಂದು ಹಚ್ಚಿದರು, ಮತ್ತೆ ಅದೇ ಪದರವನ್ನೇ ದಪ್ಪವಾಗಿ ಎಳೆಯುತ್ತಾ ಹೋದರು. ಕೊನೆಗೆ ಮುಖದ ಮುಚ್ಚಳ ಎತ್ತಿ ನನ್ನ ಕಡೆ ನೋಡಿ ನಕ್ಕರು. ಸಂದು ತುಂಬಿ ಮೇಲಕ್ಕೆ ಬಂದಿತ್ತು!

"ಬೆಸುಗೆ ಲಾಯ್ಕ್ ಆಯ್ತ್," ಅಂದರು ಪ್ರೇಮಾನಂದರು. "ಆದ್ರೆ ಎರ್ಡೇ ಪದರ ಮರಾಯ್ರೆ. ಇದ್ ಪಾಸಾರೂ ಇಪ್ಪತ್ತಾರೇ."

ಸೆರಗು ಬಾಯಿಂದ ಬಿತ್ತು.

"ಎಂತ ಮಾಡ್ದ್ರಿ ನೀವ್! ಮೂರ್ ಅಂದೇಳಿ ಈಗಷ್ಟೇ ಹೇಳ್ಲಿಲ್ಯಾ? ಕೆಮಿ ಎಲ್ಲಿಟ್ಟಿದ್ರಿ?"

ಶೆಡ್ಡಿನಲ್ಲಿದ್ದವರೆಲ್ಲ ತಿರುಗಿದರು. ತಿರುಗಲಿ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ರೋಷನ್ ತಮ್ಮ ಕೈಯನ್ನೇ ನೋಡಿಕೊಂಡರು. "ಕೈ ಕೇಣ್ಲಿಲ್ಲೆ ಹೆಣೆ. ನೀರ್ ಏರುದ್ರೊಳ್ಗೆ ಮುಗಿಸ್ಕ್ ಅಂದೇಳಿ ಕಂಡ್ತ್."

ಆಗ ನನಗೆ ಅರ್ಥವಾಯಿತು. ಹೊಳೆಬಾಯಿಯಲ್ಲಿ ಕಡಲಿನ ನೀರು ಇಳಿದಾಗ ಬೋಟು ಮರಳಿನ ಮೇಲೆ ಕೂರುತ್ತದೆ. ಮತ್ತೆ ನೀರು ಏರುವುದರೊಳಗೆ ತೇಪೆ ಮುಗಿಯಬೇಕು. ಅಲ್ಲಿ ಮೂರನೆಯ ಪದರ ಹಾಕುತ್ತಾ ಕೂತವನ ಸೊಂಟಕ್ಕೆ ನೀರು ಬರುತ್ತದೆ. ಎರಡು ದಪ್ಪ ಪದರ ಎಳೆದು ಓಡುವುದೇ ನಮ್ಮ ಕಡೆಯ ಪದ್ಧತಿ.

"ಪರೀಕ್ಷೆಗೆ ಹಾಲಾಡಿಯಿಂದ ಬಪ್ಪವ್ರ್ ಒಬ್ರ್ ಬರ್ಲಿಲ್ಲೆ," ಅಂದರು ಪ್ರೇಮಾನಂದರು. "ಒಂದ್ ಜೋಡಿ ಪ್ಲೇಟ್ ಉಳ್ದಿತ್ತ್. ಹೊಸ ಪರೀಕ್ಷೆ ಅಂದೇಳಿ ಬರ್ಕಂತೆ. ಕೊಡ್ತ್ರ್ಯಾ?"

ರೋಷನ್ ಉಳಿದ ಪ್ಲೇಟುಗಳ ಕಡೆ ನೋಡಿದರು. "ಮತ್ತೆ ಹಾಂಗೇ ಆರೆ?"

"ಶುರು ಮಾಡುಕ್ ಮುಂಚೆ ನಾನೊಂದ್ ಮಾತ್ ಹೇಳ್ಲಕ್ಕಾ?" ಎಂದು ಪ್ರೇಮಾನಂದರನ್ನು ಕೇಳಿದೆ. ಅವರು ನಗುತ್ತಾ ಆಗಲಿ ಎಂದು ಕೈಯಾಡಿಸಿದರು. ನಾನು ಗಂಡನ ಹತ್ತಿರ ಹೋದೆ.

"ಇಲ್ಕಾಣಿ. ನೀರ್ ಈಗಷ್ಟೇ ಇಳಿಯುಕ್ ಶುರು ಆಯ್ತ್. ಬೋಟ್ ಇನ್ನೂ ಸಮ ಕೂತ್ಕಣ್ಲಿಲ್ಲೆ. ನೀರ್ ಏರುಕೆ ಎಷ್ಟೋ ಹೊತ್ತ್ ಇತ್ತ್. ಆರಾಮ್ ಮಾಡಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಮುಚ್ಚಳ ಇಳಿಸಿದರು.

ಒಂದು. ಕುಟ್ಟಿದರು, ಉಜ್ಜಿದರು. ಎರಡು. ಈ ಸಲ ಬೆಳಕು ಬೇಗ ನಿಂತಿತು. ಕುಟ್ಟಿ ತೆಗೆದ ಮೇಲೆ ಸಂದಿನಲ್ಲಿ ಇನ್ನೂ ಜಾಗ ಉಳಿದಿತ್ತು, ನಾನು ಬಗ್ಗಿ ಬಗ್ಗಿ ನೋಡಿದೆ, ಉಳಿದೇ ಇತ್ತು! ಮೂರು. ಅಯ್ಯೋ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ತೆಳುವಾದ ಪದರವೂ ಬಿತ್ತು. "ನಾಲ್ಕ್," ಅಂದರು ಪ್ರೇಮಾನಂದರು.

ಇಷ್ಟಕ್ಕೇ ಮುಗಿಯುವುದಿಲ್ಲ. ಬೆಸುಗೆಯ ಅಡ್ಡಕ್ಕೆ ಪಟ್ಟಿಗಳನ್ನು ಕೊಯ್ದು, ಒಂದೊಂದನ್ನೂ ಯಂತ್ರದಲ್ಲಿಟ್ಟು ಲಾಳದ ಹಾಗೆ ಬಗ್ಗಿಸುತ್ತಾರೆ. ಮೂರು ಮಿಲಿಗಿಂತ ಉದ್ದದ ಬಿರುಕು ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಮೊದಲನೆಯದು ಬಗ್ಗಿತು, ನುಣುಪಾಗಿತ್ತು. ಎರಡನೆಯದು, ಮೂರನೆಯದು, ಅವೂ ಹಾಗೇ. ಕೊನೆಯ ಪಟ್ಟಿಯ ಬೆನ್ನಿನಲ್ಲಿ ಒಂದು ಸಣ್ಣ ಕಪ್ಪು ಗೆರೆ ಕಂಡಿತು.

ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನಿಗೆ ಹರಕೆ ಹೊತ್ತೆ. ಪ್ರೇಮಾನಂದರು ಕನ್ನಡಕ ಒರೆಸಿಕೊಂಡು, ಭೂತಗನ್ನಡಿ ಹಿಡಿದು, ಅಳತೆಪಟ್ಟಿ ಇಟ್ಟರು. ಗಂಡಸಿಗೆ ಅಷ್ಟು ನಿಧಾನ ಇರಬಾರದು.

"ಹ್ವಾಯ್, ಬೇಗ ಹೇಳಿನಿ!"

"ಒಂದೇ ಮಿಲಿ ಅಮ್ಮಾ," ಅಂದರು. "ಪಾಸ್. ನಾಲ್ಕ್ ಪದರ, ಮೇಲಿನ ಮಿತಿ ಇಲ್ಲೆ. ರೋಷನ್, ನಾಳೆ ಬೆಳಿಗ್ಗೆಯೇ ಬಪ್ಪುಕಾತ್ತಾ?"

ನಾನು ಕೂಗಿದ ಕೂಗಿಗೆ ಹೆದ್ದಾರಿಯ ಆಚೆಯ ಹೋಟೆಲಿನಿಂದ ಜನ ಹೊರಗೆ ಬಂದರಂತೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಯಾರ ಕೈ ಹಿಡಿದು ಕುಲುಕಿದೆನೋ ನೆನಪಿಲ್ಲ. ರೋಷನ್ ಕೈ ತೊಳೆದುಕೊಂಡು ಬಂದರು.

ಇಬ್ಬರೂ ಊರಿನ ಬಸ್ಸು ಹತ್ತಿದೆವು. ಕೋಟ ದಾಟಿದ ಮೇಲೆ ನನ್ನ ಕಡೆ ತಿರುಗಿ, ಅಳುಕುತ್ತಾ ಕೇಳಿದರು:

"ಹೆಣೆ, ನಾಳೆ ನಂಗೆ ಬುತ್ತಿ ಕಟ್ಟಿ ಕೊಡ್ತ್ಯಾ?"

ಮದುವೆಯಾದ ಮೇಲೆ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನನ್ನ ದೊಡ್ಡ ಬಾಯಿಂದ ಒಂದು ಮಾತೂ ಹೊರಡಲಿಲ್ಲ, ಬರೀ ತಲೆಯಾಡಿಸಿದೆ.