ತೊಯ್ದ ಅಂಗಿ

ಭಾನುವಾರ ಮಧ್ಯಾಹ್ನ ಅಮೆರಿಕದ ಕೆಂಟನ್ ಊರಿನ ಮನೆಯಲ್ಲಿ ಗೌತಮಿ ಮಗನ ಐಸ್ ಹಾಕಿ ಆಟದ ಚೀಲ ಬಿಚ್ಚಿ ಬಟ್ಟೆಗಳನ್ನು ಮೆಷಿನ್ನಿಗೆ ಹಾಕುತ್ತಿದ್ದಳು. ಗೋಲ್‌ಕೀಪರ್ ಶಿಶಿರ್‌ನನ್ನು ಕೆನಡಾದ ಜೂನಿಯರ್ ಲೀಗಿನ ಒಂದು ತಂಡವೂ ಅಮೆರಿಕದ ಒಂದು ಕಾಲೇಜೂ ಕರೆದಿದ್ದವು. ಯಾವುದೆಂದು ಇವತ್ತೇ ತಿಳಿಸಬೇಕಿತ್ತು.

"ಕೆನಡಾ, ಅವ್ವಾ. ಮೋರ್ ಗೇಮ್ಸ್, ಬಿಗ್ಗರ್ ಕ್ರೌಡ್ಸ್," ಎಂದ ಶಿಶಿರ್, ರೊಟ್ಟಿ ಮುರಿಯುತ್ತ.

ಗೌತಮಿಗೆ ಆಟದ ನಿಯಮಗಳು ಅಷ್ಟಾಗಿ ತಿಳಿಯವು. ಆದರೆ ತಾನು ಆಟ ನಡೆಯುವ ರಿಂಕಿಗೆ ಹೋಗದ ದಿನವೂ ಮಗ ಆಡಿದನೋ ಇಲ್ಲವೋ ಎಂಬುದನ್ನು ಅವನ ಒಳಂಗಿ ಮುಟ್ಟಿ ಹೇಳಬಲ್ಲಳು. ಆಡಿದ್ದರೆ ಅಂಗಿ ಹಿಂಡಿದಾಗ ನೀರು ಬರುತ್ತಿತ್ತು. ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕೂತಿದ್ದರೆ ಕಂಕುಳಷ್ಟೇ ತೇವ. ಇವತ್ತಿನದೂ ಕಂಕುಳಷ್ಟೇ ತೊಯ್ದಿತ್ತು.

"ಅಲ್ಲಪಾ, ಗೋಲ್ ಕಾಯಾವ ಒಬ್ಬನ ಅಲ್ಲೇನು? ಕೆನಡಾದ ತಂಡದಾಗ ಈಗ ಯಾರು ನಿಂತಾರ?"

ಶಿಶಿರ್ ಅಗಿಯುವುದನ್ನು ನಿಲ್ಲಿಸಿದ. "ಐ ನೆವರ್ ಆಸ್ಕ್ಡ್."

"ಕೇಳು ಮತ್ತ. ಕಾಲೇಜಿನವ್ರನ್ನೂ ಕೇಳು. ನಿನ್ನ ಅಂಗಿ ಎಲ್ಲಿ ತೊಯ್ತದ ನೋಡೂಣು."

ಅವನು ಹಿತ್ತಲಿಗೆ ಹೋಗಿ ಇಬ್ಬರು ಕೋಚ್‌ಗಳಿಗೂ ಫೋನ್ ಮಾಡಿದ. ಕಿಟಕಿಯ ಗಾಜಿನೊಳಗಿಂದ ಗೌತಮಿ ಅವನ ಮುಖವನ್ನೇ ನೋಡುತ್ತಿದ್ದಳು. ಒಳಗೆ ಬಂದು ಹೇಳಿದ: ಕೆನಡಾ ತಂಡದಲ್ಲಿ ಅವನಿಗಿಂತ ದೊಡ್ಡ ಕೀಪರ್‌ಗಳಿಬ್ಬರಿದ್ದರು, ಸದ್ಯಕ್ಕೆ ತಂಡ ಬಿಡುವವರಲ್ಲ. ಕಾಲೇಜಿನ ಕೀಪರ್ ಡಿಗ್ರಿ ಮುಗಿಸಿ ಹೊರಟಿದ್ದ. ಆ ಜಾಗಕ್ಕೆ ಪೈಪೋಟಿಯಂತೂ ಇತ್ತು.

"ಮತ್ತ?"

"ಕಾಲೇಜ್," ಎಂದ ಶಿಶಿರ್. ಆಮೇಲೆ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಷಿನ್ನನ್ನೇ ನೋಡಿದ.

"ಅವ್ವಾ, ವಿಚ್ ಬಟನ್? ಅಲ್ಲಿ ನಾನ ವಾಷ್ ಮಾಡ್ಬೇಕಲ್ಲ."