ಹಳೇ ಸಿಲಬಸ್ಸು

ವಿಮಾನದ ಟಿಕೆಟ್ಟಿಗೆ ಎಪ್ಪತ್ತೆರಡು ಸಾವಿರ, ವೀಸಾಕ್ಕೆ ಒಂಬತ್ತು, ಆರೋಗ್ಯ ವಿಮೆಗೆ ಹದಿನಾಲ್ಕು, ಹಾಸ್ಟೆಲ್ಲಿನ ಮುಂಗಡಕ್ಕೆ ಮೂವತ್ತೈದು, ಚಳಿಗೊಂದು ದಪ್ಪ ಕೋಟು, ಆರು. ಒಟ್ಟು ಒಂದು ಲಕ್ಷದ ಮೂವತ್ತಾರು ಸಾವಿರ. ಹೊರದೇಶದ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಬಿಸಿನೆಸ್ ಓದಿ ಬರಲು ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಅಲ್ಲಿಯ ಫೀಸು ಮಾಫಿ, ಊಟದ ಖರ್ಚು ಅವರದೇ. ಇಲ್ಲಿಯ ಫೀಸು ಮಾತ್ರ ಎಂದಿನಂತೆ ಕಟ್ಟಿದರಾಯಿತು. ಈ ಲೆಕ್ಕವನ್ನೆಲ್ಲ ಅಂಗಡಿಯ ಕೌಂಟರಿನ ಹಿಂದೆ ಕೂತು ಪೈಸೆ ಬಿಡದೆ ಹಾಕಿದವಳು ಅಕ್ಕ. ಹಾಕಿದ್ದು ತನಗಾಗಿ. ಸೀಟು ಸಿಕ್ಕಿದ್ದು ತಂಗಿಗೆ.

ಕಾಲೇಜಿನ ಗೇಟಿನ ಎದುರಿಗೇ ಅವರ ಜೆರಾಕ್ಸ್ ಅಂಗಡಿ. ಎರಡು ವರ್ಷದ ಹಿಂದೆ ಅಪ್ಪನಿಗೆ ಬೆನ್ನಿನ ಆಪರೇಷನ್ ಆದಾಗ ಅಕ್ಕ ಒಂದು ವರ್ಷ ಓದು ನಿಲ್ಲಿಸಿ ಮೆಷಿನ್ನಿನ ಮುಂದೆ ನಿಂತಳು. ವಾಪಸು ಕಾಲೇಜಿಗೆ ಹೋದಾಗ ತಂಗಿಯ ಕ್ಲಾಸಿಗೇ ಸೇರಬೇಕಾಯಿತು. ಮೇಷ್ಟ್ರುಗಳು ಹಾಜರಿ ಕರೆಯುವಾಗ ಮೊದಲು ತಂಗಿ, ಆಮೇಲೆ ಅಕ್ಕ. ಅಷ್ಟಕ್ಕೇ ಅಕ್ಕನಿಗೆ ಅಸೂಯೆ. ಹೇಳಿಕೊಂಡರೆ ನಗೆಪಾಟಲು, ಹೇಳದಿದ್ದರೆ ಉರಿ.

ಹೊರದೇಶದ ಈ ಎಕ್ಸ್‌ಚೇಂಜಿಗೆ ಇಡೀ ಕಾಲೇಜಿಗೆ ಸಿಕ್ಕಿದ್ದು ಒಂದೇ ಸೀಟು. ಸಂದರ್ಶನದಲ್ಲಿ ತಂಗಿಗೆ ಎಂಬತ್ತೊಂದು ಅಂಕ, ಅಕ್ಕನಿಗೆ ಎಂಬತ್ತೂವರೆ. ಆ ಅರ್ಧ ಅಂಕ ಎಲ್ಲಿಂದ ಬಂತೆಂದು ಅಕ್ಕ ಕೆದಕಿ ಕೆದಕಿ ಕೇಳಿದಳು.

"ವ್ಯಾಪಾರದ ಅನುಭವ ಹೇಳು ಅಂದ್ರು. ಪರೀಕ್ಷೆಗೆ ಮುಂಚೆ ಹಳೇ ಪ್ರಶ್ನೆಪತ್ರಿಕೆಗಳನ್ನ ಕಟ್ಟು ಮಾಡಿ ಮಾರ್ತೀವಲ್ಲ, ಅದನ್ನ ಹೇಳ್ದೆ," ಅಂದಳು ತಂಗಿ.

"ಅದು ನಾನು ಶುರು ಮಾಡಿದ್ದು ಕಣೇ!"

"ನಮ್ಮ ಅಂಗಡಿ ಅಂದೆ ಅಕ್ಕ. ನಾನು ಅಂತ ಎಲ್ಲಿ ಅಂದೆ?"

ಅವಳು ಸುಳ್ಳು ಹೇಳುವವಳಲ್ಲ. ಅದೇ ಅಕ್ಕನಿಗೆ ಇನ್ನಷ್ಟು ಸಂಕಟ. ಜಗಳ ಆಡಲಿಕ್ಕೂ ಒಂದು ನೆಪ ಕೊಡುವವಳಲ್ಲ ಹುಡುಗಿ.

ಅಪ್ಪ ಬಂದ ಗಿರಾಕಿಗೆಲ್ಲ ಸುದ್ದಿ ಹಂಚುತ್ತಿದ್ದ. "ನಮ್ಮ ಚಿಕ್ಕವಳು ಹೊರದೇಶಕ್ಕೆ ಹೊರಟಿದ್ದಾಳೆ!" ಒಬ್ಬ ಮುದುಕ ಗಿರಾಕಿ, "ದೊಡ್ಡವಳು?" ಅಂತ ಕೇಳಿದ. "ಅವಳಿಲ್ದಿದ್ರೆ ಅಂಗಡಿ ನಡಿಯುತ್ತೇನ್ರೀ?" ಅಂದ ಅಪ್ಪ, ಹೊಗಳುವ ದನಿಯಲ್ಲೇ. ಅಕ್ಕ ಮೆಷಿನ್ನಿನ ಮುಚ್ಚಳವನ್ನು ಪಟಾರನೆ ಹಾಕಿದಳು.

ಕಾಗದಪತ್ರ ಕೊಡಲು ಬುಧವಾರ ಕೊನೆಯ ದಿನ. ಮೊದಲನೆಯವಳ ಕಾಗದದಲ್ಲಿ ಕೊರತೆ ಬಿದ್ದರೆ ಎರಡನೆಯವಳು ತಯಾರಿರಬೇಕೆಂದು, ಕಾಲೇಜಿನಲ್ಲಿ ಇದನ್ನು ನೋಡಿಕೊಳ್ಳುವ ಮೇಡಂ ಇಬ್ಬರಿಂದಲೂ ಕಾಗದ ಕೇಳಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಹೊಂದಾಣಿಕೆ ಪಟ್ಟಿ. ಅಲ್ಲಿ ಓದುವ ಒಂದೊಂದು ಪೇಪರೂ ಇಲ್ಲಿಯ ಯಾವ ಪೇಪರಿಗೆ ಸಮ ಅಂತ ಬರೆಯಬೇಕು. ತಪ್ಪಿದರೆ ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕಾಲೇಜಿನವರು ಪ್ರತಿ ವರ್ಷ ಸಿಲಬಸ್ಸಿನ ಒಂದು ಪ್ರತಿಯನ್ನು ಅಂಗಡಿಗೆ ಕಳಿಸುತ್ತಿದ್ದರು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ ಫೈಲಿನಲ್ಲಿ ಸೇರಿಸಿ, ಹಳೆಯದನ್ನು ತೆಗೆಯುವುದು ಅಕ್ಕನ ಕೆಲಸ. ಹೊಸದು ಸೋಮವಾರವೇ ಬಂದಿತ್ತು. ಅವಳು ಅದನ್ನು ನೋಡಿ ತನ್ನ ಪಟ್ಟಿ ಬರೆದುಕೊಂಡು, ಸಿಲಬಸ್ಸನ್ನು ಕೌಂಟರಿನ ಕೆಳಗೆ ಇಟ್ಟಿದ್ದಳು. ಫೈಲು ಬದಲಿಸಿರಲಿಲ್ಲ. ಮೊದಲ ದಿನ ಅದು ಬರೀ ಸೋಮಾರಿತನ.

ಬುಧವಾರ ಬೆಳಿಗ್ಗೆ ತಂಗಿ ಬಂದು, ಮೊಳೆಯಿಂದ ಫೈಲು ತೆಗೆದು, ಸ್ಟೂಲಿನ ಮೇಲೆ ಕೂತು ಬರೆಯತೊಡಗಿದಳು. ಅಕ್ಕ ಭುಜದ ಮೇಲಿಂದ ಬಗ್ಗಿ ನೋಡಿದಳು. ಮೂರನೆಯ ಸಾಲಿನಲ್ಲಿ ಚಿಲ್ಲರೆ ವ್ಯಾಪಾರದ ಪೇಪರು. ಈ ವರ್ಷ ತೆಗೆದುಹಾಕಿದ ಪೇಪರು.

"ಸರಿಯಾಗಿದ್ಯಾ ಅಕ್ಕ?"

ಮಾತು ನಾಲಿಗೆಯ ತುದಿಯವರೆಗೆ ಬಂತು. ಆ ಅರ್ಧ ಅಂಕ ನೆನಪಾಯಿತು. ಅಕ್ಕ ಮಾತನ್ನು ನುಂಗಿಕೊಂಡಳು.

"ಅಕ್ಷರ ಚೆನ್ನಾಗಿದೆ," ಅಂದಳು.

ಮುಂದಿನ ಸೋಮವಾರ ಮಧ್ಯಾಹ್ನ ಪರೀಕ್ಷಾ ವಿಭಾಗದಿಂದ ಪಟ್ಟಿ ವಾಪಸು ಬಂತು, ಮೂರನೆಯ ಸಾಲಿಗೆ ಕೆಂಪು ಗೀಟು ಬಿದ್ದಿತ್ತು. ಐದು ಗಂಟೆಯೊಳಗೆ ಸರಿಪಡಿಸಿ ಕೊಡದಿದ್ದರೆ ಸೀಟು ಎರಡನೆಯವಳಿಗೆ. ತಂಗಿ ಅದನ್ನು ಹಿಡಿದುಕೊಂಡು ಬಿಸಿಲಲ್ಲಿ ರಸ್ತೆ ದಾಟಿ ಬಂದಳು. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದ.

"ಇಲ್ಲದ ಪೇಪರು ಬರೆದಿದ್ದೀನಂತೆ. ಫೈಲಲ್ಲಿ ಇದೆಯಲ್ಲ ಅಕ್ಕ? ನಾನೇ ಎಲ್ಲೋ ಎಡವಿದೆ ಅನ್ಸುತ್ತೆ." ಅವಳ ಮುಖ ಬಾಡಿತ್ತು.

ಇದೇ ಗಳಿಗೆಗಾಗಿ ಅಕ್ಕ ಐದು ದಿನ ಕಾದಿದ್ದಳು. ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ತಂಗಿ ಕಣ್ಣು ಒರೆಸಿಕೊಂಡು ಸ್ಟೂಲು ಎಳೆದು ಕೂತಳು. "ಹೋಗ್ಲಿ ಬಿಡು. ನೀನು ಹೋಗು ಅಕ್ಕ. ನಿಜ ಹೇಳ್ಬೇಕಂದ್ರೆ ಅದು ನಿನ್ನ ಸೀಟೇ. ಅಪ್ಪನಿಗೋಸ್ಕರ ಒಂದು ವರ್ಷ ಬಿಟ್ಟೋಳು ನೀನು. ಈ ಸಲ ಅಂಗಡಿ ನಾನು ನೋಡ್ಕೋತೀನಿ."

ಅಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮಾರ್ಕಿನಲ್ಲಿ ಮುಂದೆ, ಹಾಜರಿಯಲ್ಲಿ ಮುಂದೆ, ಈಗ ಬಿಟ್ಟುಕೊಡುವುದರಲ್ಲೂ ಇವಳೇ ಮುಂದೆಯೇ? ಕದ್ದದ್ದನ್ನು ಹೇಗೋ ದಕ್ಕಿಸಿಕೊಳ್ಳಬಹುದಿತ್ತು. ಇವಳು ಇಷ್ಟು ದೊಡ್ಡ ಮನಸ್ಸಿನಿಂದ ಕೈಗಿಟ್ಟದ್ದನ್ನು ಹಿಡಿದುಕೊಂಡು ಜೀವಮಾನವಿಡೀ ತಲೆ ಎತ್ತುವುದು ಹೇಗೆ? ಕೌಂಟರಿನ ಕೆಳಗೆ ಬಗ್ಗಿ ಹೊಸ ಸಿಲಬಸ್ಸನ್ನು ತೆಗೆದು ತಂಗಿಯ ಮುಂದೆ ಎಸೆದಳು.

"ತಗೋ. ನೀನೇನೂ ಎಡವಿಲ್ಲ."

ತಂಗಿ ಮೊದಲ ಪುಟ ನೋಡಿದಳು. "ಇದು ಯಾವತ್ತು ಬಂತು?"

"ಹೋದ ಸೋಮವಾರ."

"ನಾನು ಬರೆದದ್ದು ಬುಧವಾರ."

"ಹ್ಞೂಂ."

"ನೀನು ಹಿಂದೆ ನಿಂತ್ಕೊಂಡು ನೋಡ್ತಿದ್ದೆ."

"ನೋಡ್ತಿದ್ದೆ."

ಹೊರಗೆ ಯಾರೋ ಗಿರಾಕಿ, "ಎರಡು ಕಾಪಿ," ಅಂದ. ಯಾರೂ ಏಳಲಿಲ್ಲ. ಆತ ಸ್ವಲ್ಪ ಹೊತ್ತು ನಿಂತು ಹೋದ.

"ಬೈಯೋದಿದ್ರೆ ಆಮೇಲೆ ಬೈ. ಗಂಟೆ ಮೂರೂವರೆ," ಅಂದಳು ಅಕ್ಕ. ಚಿಲ್ಲರೆ ವ್ಯಾಪಾರದ ಜಾಗಕ್ಕೆ ಬಂದಿದ್ದ ಹೊಸ ಪೇಪರನ್ನು ಬೆರಳಿಟ್ಟು ತೋರಿಸಿದಳು. ಪಟ್ಟಿಯನ್ನು ಟೈಪು ಮಾಡಿ, ಮೂರು ಪ್ರತಿ ತೆಗೆದು, ಹಿಂದೆ ಹೊಸ ಸಿಲಬಸ್ಸಿನ ಪುಟಗಳನ್ನು ಜೋಡಿಸಿ ಪಿನ್ನು ಹೊಡೆದಳು. ತಂಗಿ ಅದನ್ನು ತೆಗೆದುಕೊಂಡು ಓಡಿದಳು. ನಾಲ್ಕು ಮುಕ್ಕಾಲಿಗೆ ಸೀಲು ಬಿತ್ತು. ಸೀಟು ಉಳಿಯಿತು.

ತಂಗಿ ಬೈಯಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಆದರೆ ವೀಸಾದ ಕಾಗದಗಳಿಗೆ ಜೆರಾಕ್ಸ್ ಬೇಕಾದಾಗ ಎರಡು ಬೀದಿ ಆಚೆಯ ಅಂಗಡಿಗೆ ಹೋದಳು. ಮನೆಯದೇ ಮೆಷಿನ್ನಿರುವಾಗ ಯಾಕೆ ದುಡ್ಡು ದಂಡ ಅಂತ ಅಪ್ಪ ಕೇಳಿದ್ದಕ್ಕೆ, "ಅಕ್ಕನಿಗೆ ಕೆಲಸ ಜಾಸ್ತಿ ಇತ್ತು," ಅಂದಳು. ಅದು ಅವಳು ಹೇಳಿದ ಮೊದಲ ಸುಳ್ಳು. ಅದನ್ನು ಹೇಳಿದ್ದು ಅಕ್ಕನ ಮಾನ ಉಳಿಸಲಿಕ್ಕೆ. ಅದಕ್ಕೂ ಅಕ್ಕನಿಗೆ ಹೊಟ್ಟೆ ಉರಿಯಿತು.

ತಂಗಿ ಹೊರಟಳು. ಅವಳಿಗೆ ಆರು ತಿಂಗಳ ಓದು ಸಿಕ್ಕಿತು. ಅಕ್ಕನಿಗೆ ಸೀಟು ಸಿಗಲಿಲ್ಲ. ಬರೆದದ್ದನ್ನೆಲ್ಲ ತಂದು ತೋರಿಸಿ, ಸರಿಯಾಗಿದ್ಯಾ ಅಂತ ಕೇಳುತ್ತಿದ್ದ ತಂಗಿಯೂ ಉಳಿಯಲಿಲ್ಲ.