ಎಡಗೈಯ ಕಿರುಬೆರಳು

"ಗೋಡೆ ಕಡೆ ತಿರ್ಗೇ ಮುಂಡೆ. ಬೆರಳಿಟ್ಟಾಯ್ತಲ್ಲ, ಇನ್ನೇನ್ ನೋಡ್ತಿದೀಯ?"

ಮುನಿಕೃಷ್ಣಮ್ಮ ತಿರುಗಿದಳು. ಬೆನ್ನ ಹಿಂದೆ ಸೂಪರ್‌ವೈಸರ್ ವಿಜಯ್ ಕುಮಾರ್ ಕೀಬೋರ್ಡು ಕುಟ್ಟಿದ. ಮುಗಿಸಿದ ಮೇಲೆ ಅವಳು ಬೆರಳಿಟ್ಟ ಬೆರಳಚ್ಚು ಯಂತ್ರದ ಗಾಜಿಗೆ ಸ್ಯಾನಿಟೈಸರ್ ಸಿಂಪಡಿಸಿ ಒರೆಸಿದ. ಉಳಿದವರು ಬೆರಳಿಟ್ಟಾಗ ಆ ಬಾಟಲಿ ಕದಲುತ್ತಿರಲಿಲ್ಲ. ಕಸ ಗುಡಿಸುವವಳು ಇಟ್ಟಾಗ ಮಾತ್ರ ಅದಕ್ಕೆ ಕೆಲಸ.

ಬಾಗಲಗುಂಟೆಯ ಆ ಕಾರ್ಖಾನೆಯಲ್ಲಿ ಬಟ್ಟೆ ತೊಳೆದು ಬಣ್ಣ ಹಾಕುತ್ತಿದ್ದರು. ಬಿಸಿನೀರಿಗೊಂದು ಬಾಯ್ಲರು, ಬಾಯ್ಲರಿಗೊಂದು ಸೇಫ್ಟಿ ವಾಲ್ವು. ಆವಿ ಮಿತಿಮೀರಿದರೆ ತಾನಾಗಿ ತೆರೆದುಕೊಳ್ಳಬೇಕಾದ ಬಾಯಿ ಅದು. ದಿನಾ ಒಬ್ಬರು ಅದನ್ನು ಪರೀಕ್ಷಿಸಿ ಕಂಪ್ಯೂಟರಿನಲ್ಲಿ ಬರೆಯಬೇಕು, ಇನ್ನೊಬ್ಬರು ಒಪ್ಪಬೇಕು. ಬರೆಯುವ ಬಾಗಿಲು, ಒಪ್ಪುವ ಬಾಗಿಲು ಎರಡೂ ಒಂದೇ ಬೆರಳಿಗೆ ತೆರೆಯದಂತೆ ಕಟ್ಟುಮಾಡಿದ್ದರು. ಒಪ್ಪುವವನು ವಿಜಯ್ ಕುಮಾರ್. ಪರೀಕ್ಷಿಸಲು ಬಲ್ಲವನೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಬದಲು, ಅವನು ಕಸಬರಿಕೆ ಹಿಡಿದಿದ್ದ ಮುನಿಕೃಷ್ಣಮ್ಮನನ್ನು ಕರೆದು ಬೆರಳು ಕೇಳಿದ, ಹಾಜರಿಗೆಂದು ಹೇಳಿದ. ಬ್ಲೀಚಿಂಗ್ ನೀರಿನಲ್ಲಿ ಹನ್ನೆರಡು ವರ್ಷ ನೆನೆದ ಕೈಗಳವು. ಹೆಬ್ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಒಂದೊಂದನ್ನೇ ಒತ್ತಿಸುತ್ತ ಹೋಗಿ, ಕಟ್ಟಕಡೆಗೆ ಯಂತ್ರ ಒಪ್ಪಿದ್ದು ಎಡಗೈಯ ಕಿರುಬೆರಳನ್ನು. ಎಂಟು ತಿಂಗಳು, ದಿನಾ ಹತ್ತು ಗಂಟೆಗೆ, ಆ ಬೆರಳು ಬಾಗಿಲು ತೆರೆಯಿತು. ಒಳಗೇನಿದೆಯೆಂದು ಬೆರಳಿನ ಒಡತಿ ಕಾಣಲಿಲ್ಲ.

ಆ ಸೋಮವಾರ ಬೆರಳಿಟ್ಟ ಮರುದಿನ, ಮಂಗಳವಾರ, ವಾಲ್ವು ಬಾಯಿ ಬಿಡಲಿಲ್ಲ, ಪೈಪು ಬಿಟ್ಟಿತು. ಬಾಯ್ಲರು ನೋಡಿಕೊಳ್ಳುತ್ತಿದ್ದ ಮುರುಗೇಶನಿಗೆ ಭುಜದಿಂದ ಮುಂಗೈವರೆಗೆ ಚರ್ಮ ಸುಲಿದು ಬಂತು. ವಾಲ್ವು ಕಚ್ಚಿಕೊಂಡಿದೆ ಎಂದು ಅವನು ತಿಂಗಳಿಂದ ಹೇಳುತ್ತಲೇ ಇದ್ದ. ಹೇಳಿದಾಗೆಲ್ಲ ಗದರಿಸಿ ಕಳಿಸಿದ್ದರು.

ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋದ ಮುನಿಕೃಷ್ಣಮ್ಮನನ್ನು ಮುರುಗೇಶನ ಹೆಂಡತಿ ರಾಧಾಮಣಿ ಬಾಗಿಲಲ್ಲೇ ತಡೆದಳು.

"ಎಲ್ಲಾ ಸರಿಯಾಗೈತೆ ಅಂತ ದಿನಾ ನೀನೇ ಬರ್ಸಿದ್ಯಂತೆ ಅಕ್ಕಾ. ಕಂಪ್ಯೂಟ್ರಲ್ಲಿ ನಿನ್ ಹೆಸ್ರೇ ಐತಂತೆ. ಯಾವತ್ ಬಂದು ನೋಡ್ದೆ?"

ಮುನಿಕೃಷ್ಣಮ್ಮ ಹಣ್ಣು ಚಾಚಿದಳು. ರಾಧಾಮಣಿ ಮುಟ್ಟಲಿಲ್ಲ.

ಗುರುವಾರ ಹನ್ನೊಂದಕ್ಕೆ ಸರ್ಕಾರದ ಇನ್‌ಸ್ಪೆಕ್ಟರು ಬರುವವರಿದ್ದರು. ಹತ್ತಕ್ಕೇ ವಿಜಯ್ ಕುಮಾರ್ ಅವಳನ್ನು ಕರೆಸಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮಾತನಾಡಿದ. ಸೋಮವಾರದ ದಾಖಲೆಯನ್ನು ಒಂಚೂರು ತಿದ್ದಬೇಕು, ತಿದ್ದುವ ಹಕ್ಕು ಬರೆದವಳ ಬೆರಳಿಗೆ ಮಾತ್ರ. ವಾಲ್ವು ಕೆಟ್ಟಿದೆ, ಬಾಯ್ಲರು ಹಚ್ಚಬೇಡ ಎಂದು ಅವಳು ಹೇಳಿದ್ದಳು, ಮುರುಗೇಶ ಕೇಳಲಿಲ್ಲ: ಅಷ್ಟು ಸೇರಿಸಿದರೆ ಕಂಪನಿಯೂ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ.

"ಮುರುಗೇಶ?"

"ಅವನ್ ತಪ್ಪು, ಅವನ್ ಆಸ್ಪತ್ರೆ. ಇಲ್ಲಾಂದ್ರೆ ಜೈಲಿಗೆ ಹೋಗೋಳು ನೀನು ಕಣೇ. ಹೆಸ್ರಿರೋದು ನಿಂದು. ಇಡು ಬೆರಳು."

ಇಟ್ಟಳು. ಕಂಪ್ಯೂಟರಿನ ಪರದೆ ತೆರೆದುಕೊಂಡಿತು.

"ತಿರ್ಗು."

ಅವಳು ತಿರುಗಲಿಲ್ಲ. ಪರದೆಯನ್ನೇ ಎರಡು ಕೈಯಲ್ಲಿ ಹಿಡಿದು, ಪಕ್ಕದ ಮೇಜಿನಲ್ಲಿ ಬಿಲ್ಲು ಬರೆಯುತ್ತಿದ್ದ ಫರ್ಹೀನಳ ಕಡೆಗೆ ತಿರುಗಿಸಿದಳು.

"ನನ್ ಎಸ್ರಲ್ಲಿ ಏನೇನ್ ಬರ್ದವ್ರೆ ಓದವ್ವಾ. ಆಚೆಗೂ ಕೇಳಂಗೆ ಓದು."

ಬಾಯಿ ಬಿಟ್ಟರೆ ನಾಳೆಯಿಂದ ಬರುವುದು ಬೇಡ ಎಂದು ವಿಜಯ್ ಕುಮಾರ್ ಫರ್ಹೀನಳಿಗೆ ಹೇಳಿದ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಓದಿದಳು.

"ಜೂನ್ ಮೂರು. ವಾಲ್ವ್ ಪರೀಕ್ಷಿಸಿದೆ, ಸರಿಯಿದೆ. ಮುನಿಕೃಷ್ಣಮ್ಮ."

"ನಾನ್ ನೋಡಿಲ್ಲ."

"ಜೂನ್ ನಾಲ್ಕು. ವಾಲ್ವ್ ಪರೀಕ್ಷಿಸಿದೆ, ಸರಿಯಿದೆ. ಮುನಿಕೃಷ್ಣಮ್ಮ."

"ನಾನ್ ನೋಡಿಲ್ಲ."

ಬಣ್ಣದ ತೊಟ್ಟಿಗಳ ಕಡೆಯಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು, ಮೊಣಕೈವರೆಗೆ ನೀಲಿ. ವಿಜಯ್ ಕುಮಾರ್ ಬಗ್ಗಿ ವೈರು ಕಿತ್ತ. ಪರದೆ ಕಪ್ಪಾಯಿತು.

ಆದರೆ ಆ ಸಾಲು ದಿನದಿಂದ ದಿನಕ್ಕೆ ಒಂದಕ್ಷರವೂ ಬದಲಾಗಿರಲಿಲ್ಲ. ಫರ್ಹೀನ್ ಎದ್ದು ನಿಂತು, ಸತ್ತ ಪರದೆಗೆ ಬೆನ್ನು ಹಾಕಿ, "ಜೂನ್ ಐದು" ಎಂದಳು.

"ನಾನ್ ನೋಡಿಲ್ಲ."

"ಜೂನ್ ಆರು."

"ಅವ್ಳು ನೋಡಿಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ. ಜೂನ್ ಏಳಕ್ಕೆ ಐದಾರು ದನಿಗಳಿದ್ದವು.

ಗೇಟಿನಲ್ಲಿ ಇನ್‌ಸ್ಪೆಕ್ಟರ ಜೀಪು ಹಾರನ್ ಹಾಕಿತು. ಕದ ಮುಚ್ಚಿರೆಂದು ವಿಜಯ್ ಕುಮಾರ್ ಕೂಗಿದ. ಹೊಸ್ತಿಲಲ್ಲಿದ್ದ ಒಂದು ಕಾಲೂ ಹಿಂದಕ್ಕೆ ಸರಿಯಲಿಲ್ಲ.

"ಜೂನ್ ಎಂಟು ಭಾನುವಾರ, ರಜೆ," ಎಂದಳು ಫರ್ಹೀನ್. "ಜೂನ್ ಒಂಬತ್ತು."